ಸುನಿತಾಳ ನಾಲ್ಕು ನಿಮಿಷ

ಚಿಕ್ಕೇರೂರಿನ ಸುಭಾಸನಿಗೆ ಹೆಂಡತಿಯ ಮುಖ ನೆನಪಿತ್ತು, ದನಿ ಮರೆಯುತ್ತಾ ಬಂದಿತ್ತು. ಸುನಿತಾ ತೀರಿಕೊಂಡು ಹನ್ನೆರಡು ವರ್ಷ. ಗೋಡೆಯ ಮೇಲೆ ಫೋಟೋ ಇತ್ತು, ಟ್ರಂಕಿನಲ್ಲಿ ಸೀರೆಗಳಿದ್ದವು, ಆದರೆ ಅವಳು ಆಡಿದ ಮಾತು ಮನೆಯಲ್ಲಿ ಎಲ್ಲೂ ಉಳಿದಿರಲಿಲ್ಲ. ಆಗ ಅವರ ಹತ್ತಿರ ಇದ್ದದ್ದು ಗುಂಡಿ ಒತ್ತುವ ಫೋನು. ಅದರ ಟಾರ್ಚು ಒಂದೇ ಉಪಯೋಗಕ್ಕೆ ಬರುತ್ತಿತ್ತು. ಹೊಲದ ಆ ತುದಿಯಿಂದ ಅವಳು ತನ್ನನ್ನು ಹೇಗೆ ಕೂಗುತ್ತಿದ್ದಳು ಎಂದು ನೆನೆಸಿಕೊಳ್ಳಲು ಹೋದರೆ ಮಾತು ಬರುತ್ತಿತ್ತು, ದನಿ ಬರುತ್ತಿರಲಿಲ್ಲ. ಇದೊಂದು ಸಂಕಟ ಅವನನ್ನು ಒಳಗೊಳಗೇ ತಿನ್ನುತ್ತಿತ್ತು.

ಒಂದೇ ಒಂದು ಕಡೆ ಆ ದನಿ ಇತ್ತು. ಅವಳು ಸಾಯುವ ಎರಡು ವರ್ಷ ಮುಂಚೆ ಟೀವಿಯ ಕೃಷಿ ಕಾರ್ಯಕ್ರಮದವರು ಬಂದಿದ್ದರು. ಮೆಣಸಿನಕಾಯಿ ಬೀಜವನ್ನು ಬೂದಿ ಬೆರೆಸಿ ಗಡಿಗೆಯಲ್ಲಿ ಹೇಗೆ ಕಾಪಿಡುತ್ತೀರಿ ಎಂದು ಅವಳನ್ನು ನಾಲ್ಕು ನಿಮಿಷ ಮಾತಾಡಿಸಿದರು. ಗಡಿಗೆಗಳನ್ನು ಹೊತ್ತು ತಂದಿಟ್ಟ ಸುಭಾಸ ಕ್ಯಾಮೆರಾದ ಹಿಂದೆ ಬಾಯಿ ಬಿಗಿದುಕೊಂಡು ನಿಂತಿದ್ದ. ನೀವು ತುಟಿ ಪಿಟಕ್ಕೆನ್ನಬಾರದು ಎಂದು ಅವರು ತಾಕೀತು ಮಾಡಿದ್ದರು. ಅದು ಪ್ರಸಾರವಾದ ಸಂಜೆ ಊರಿನ ಟ್ರಾನ್ಸ್‌ಫಾರ್ಮರ್ ಸುಟ್ಟು ಕೂತಿತ್ತು. ಹಾನಗಲ್ಲಿನ ಬೀಗರ ಮನೆಗೆ ಹೋಗಿ ನೋಡೋಣವೆಂದರೆ ಸುನಿತಾ ನಕ್ಕುಬಿಟ್ಟಳು. "ನನ್ನ ಮಾರಿ ನಾನ ನೋಡಾಕ ಹಾನಗಲ್ಲಿಗಿ ಹೋಗ್ಲೇನು?"

ಹೋದ ವರ್ಷ ಸುಭಾಸ ಚಾನೆಲ್ಲಿನ ಕಚೇರಿಗೆ ಫೋನು ಮಾಡಿ ವಿಚಾರಿಸಿದ. ಹಳೆಯ ಕಂತುಗಳನ್ನು ಸಂಜೆ ಆರಕ್ಕೆ ಮತ್ತೆ ತೋರಿಸುತ್ತಿದ್ದೇವೆ, ಯಾವುದು ಯಾವತ್ತು ಬರುತ್ತದೆ ಎಂದು ಹೇಳುವುದು ಕಷ್ಟ ಎಂದರು. ಸಂಜೆ ಆರಕ್ಕೆ ರೈತ ಮನೆಯಲ್ಲಿರುತ್ತಾನೆಯೇ? ಕೃಷಿ ಕಾರ್ಯಕ್ರಮವನ್ನು ರೈತ ಹೊಲದಲ್ಲಿರುವ ಹೊತ್ತಿಗೇ ಇಟ್ಟ ಪುಣ್ಯಾತ್ಮ ಯಾರೋ ಏನೋ. ಹಾಗಾಗಿ ದಿನಾಲೂ ಅದನ್ನು ತಾನಾಗಿಯೇ ರೆಕಾರ್ಡ್ ಮಾಡಿ ಹಿಡಿದಿಡುವ ಯಂತ್ರವೊಂದು ಬೇಕಾಯಿತು.

ದಾರಿ ತೋರಿಸಿದವನು ಸವಣೂರಿನ ಅನಂತ. ಶಿಗ್ಗಾಂವದ ಕಾಲೇಜಿನಲ್ಲಿ ಕಂಪ್ಯೂಟರ್ ಕಲಿಸುವ ಮಾಸ್ತರ. ಅವನ ಮನೆಗೆ ವರ್ಷದ ಮೆಣಸಿನಕಾಯಿ ಹೋಗುವುದು ಸುಭಾಸನ ಹೊಲದಿಂದ. ಹಾನಗಲ್ಲಿನಲ್ಲಿ ಒಂದು ಹಳೆಯ ಕಂಪ್ಯೂಟರು ಕೊಡಿಸಿದ, ಚಾವಣಿಯ ಡಿಶ್ಶಿನ ತಂತಿಯನ್ನು ಅದಕ್ಕೆ ಜೋಡಿಸಿದ, ಆಮೇಲೆ ಸಾಫ್ಟ್‌ವೇರಿನ ಪಾಠ ಶುರು ಮಾಡಿದ. ಮಾಸ್ತರರಿಗೆ ಒಂದು ಪ್ರಶ್ನೆ ಕೇಳಿದರೆ ಪೂರ್ತಿ ತಾಸು ತಗೊಳ್ಳುತ್ತಾರೆ.

"ಟೀವಿಗೆ ಹಾಕೂ ಸಾಫ್ಟ್‌ವೇರ್ ಮೂರು ಅವ ನೋಡ್ರಿ. ಮೂರಕ್ಕೂ ಮಾಲಕ ಅಂತ ಒಬ್ಬಾಂವ ಇಲ್ಲ. ಬರದವ್ರು ಬರದು ಇಟ್ಟಾರ. ಬೇಕಾದವ್ರು ತಗೋಬಹುದು, ತಿದ್ದಬಹುದು, ಮತ್ತೊಬ್ರಿಗೆ ಕೊಡಬಹುದು."

"ಹಂಗಂದ್ರ ನಮ್ಮಾಕಿ ಬೀಜ ಕೊಟ್ಟಂಗಾತು," ಎಂದ ಸುಭಾಸ. ಸುನಿತಾ ಕೇಳಿದವರಿಗೆಲ್ಲ ಒಂದು ಹಿಡಿ ಬೀಜ ಕೊಡುತ್ತಿದ್ದಳು. ಮುಂದಿನ ವರ್ಷ ನಿಮ್ಮ ಬೆಳೆಯಿಂದ ಒಂದು ಹಿಡಿ ಇನ್ನೊಬ್ಬರಿಗೆ ಕೊಡಿ ಎನ್ನುತ್ತಿದ್ದಳು.

ಅನಂತ ಬೆರಳು ಮಡಚಿ ಎಣಿಸುತ್ತಾ ಮುಂದುವರಿಸಿದ. ಕೋಡಿ ಎಂಬುದು ಪರದೆಯ ಮೇಲೆ ನೋಡಲು ಚೆಂದ, ಆದರೆ ರೆಕಾರ್ಡ್ ಮಾಡಲು ಅದರ ಹಿಂದೆ ಇನ್ನೊಂದು ಬೇಕು. ಮಿಥ್‌ಟಿವಿ ಎಲ್ಲ ಕೆಲಸ ಮಾಡುತ್ತದೆ, ಆದರೆ ಅದಕ್ಕೆ ಒಂದು ಡೇಟಾಬೇಸು ಸಾಕಬೇಕು. ಮೂರನೆಯದು ಟಿವಿಹೆಡೆಂಡ್.

ಸುಭಾಸನ ಪರೀಕ್ಷೆ ಒಂದೇ ಇತ್ತು. "ಕರೆಂಟ್ ಹೋಗಿ ಬಂದ್ರ ತಾನಾ ಎದ್ದು ಕೆಲಸಕ್ಕ ಹತ್ತೂದು ಯಾವುದ್ರಿ?"

"ಹಂಗಿದ್ರ ಇದ. ಇದಕ್ಕ ಮಾರಿ ಇಲ್ಲ, ಹಿಂದ ಕೂತು ದುಡೀತದ. ನಡುವ ಕರೆಂಟ್ ಹೋದ್ರ, ಬಂದ ಮ್ಯಾಲ ಉಳಿದದ್ದನ್ನ ಬ್ಯಾರೆ ತುಂಡು ಮಾಡಿ ಹಿಡೀತದ."

"ಮಾರಿ ಯಾರಿಗೆ ಬೇಕ್ರಿ. ಇದ ಇರ್ಲಿ."

ಹೊರಡುವಾಗ ಅನಂತ ಹೊಸ್ತಿಲಲ್ಲಿ ನಿಂತು ಹೇಳಿದ: "ಒಂದ ಮಾತು. ನೀವಾಗಿ ಎಂದೂ ಬಂದ್ ಮಾಡಬ್ಯಾಡ್ರಿ."

ಹನ್ನೊಂದು ತಿಂಗಳು ಯಂತ್ರ ನಿಯತ್ತಿನಿಂದ ದುಡಿಯಿತು. ರಾತ್ರಿ ಊಟಕ್ಕೆ ಕೂತಾಗ ಸುಭಾಸ ಆ ದಿನದ್ದನ್ನು ಹಾಕಿಕೊಳ್ಳುತ್ತಿದ್ದ. ಅಣಬೆ ಬೇಸಾಯ, ದನಕ್ಕೆ ಲಸಿಕೆ, ಎರೆಗೊಬ್ಬರ, ಮತ್ತೆ ಅಣಬೆ. ತಲೆಯ ಮೇಲೆ ಸೆರಗು ಹೊತ್ತ ಹೆಣ್ಣುಮಗಳೊಬ್ಬಳು ಕಂಡರೆ ಸಾಕು, ತುತ್ತು ಕೈಯಲ್ಲೇ ನಿಲ್ಲುತ್ತಿತ್ತು. ಅವಳಲ್ಲವೆಂದು ಗೊತ್ತಾದ ಮೇಲೆ ತುತ್ತನ್ನು ತಾಟಿಗೇ ಇಳಿಸುತ್ತಿದ್ದ. ಹಿರೇಕೆರೂರಿನ ಕಾಲೇಜಿಗೆ ಹೋಗುವ ಮಗಳು ಶೈಲಾ ನೀರಿನ ಚರಿಗೆ ಮುಂದೆ ಸರಿಸುತ್ತಿದ್ದಳು.

ನವರಾತ್ರಿಯ ಒಂಬತ್ತನೆಯ ದಿನ ಖಂಡೆ ಪೂಜೆ ಬಂತು. ದುಡಿಯುವ ಸಾಮಾನಿಗೆಲ್ಲ ಅಂದು ಪೂಜೆ ಮತ್ತು ರಜೆ; ಅಂದು ಯಾವುದನ್ನೂ ದುಡಿಸುವ ಹಾಗಿಲ್ಲ. ಕುಡಗೋಲು, ಕುಂಟೆ, ಔಷಧ ಹೊಡೆಯುವ ಪಂಪು, ಬೈಕು, ಎಲ್ಲವನ್ನೂ ತೊಳೆದು ವಿಭೂತಿ ಹಚ್ಚಿದ ಸುಭಾಸ ಕಂಪ್ಯೂಟರಿನ ಮುಂದೆ ಬಂದು ನಿಂತ. ಈ ಮನೆಯಲ್ಲಿ ಇದರಷ್ಟು ದುಡಿದವರು ಯಾರು?

"ಅಪ್ಪಾ, ಮಾಸ್ತರ್ ಬಂದ್ ಮಾಡಬ್ಯಾಡ ಅಂದಾರ," ಎಂದಳು ಶೈಲಾ.

"ಒಂದ ದಿನ. ವರ್ಷಪೂರ್ತಿ ದುಡದೈತಿ ಪಾಪ, ಪೂಜಿ ದಿನಾನೂ ದುಡಸೂದು ಚೊಲೋ ಅಲ್ಲ."

ಪ್ಲಗ್ಗು ಕಿತ್ತು, ಧೂಳು ಒರೆಸಿ, ಮೂರೆಳೆ ವಿಭೂತಿ ಬಳಿದು, ಚೆಂಡುಹೂವಿನ ಮಾಲೆ ಹಾಕಿದ. ಟೀವಿಗೂ ಒಂದು ಹೂವು, ಒಂದು ದಿನದ ರಜೆ ಸಿಕ್ಕಿತು. ಕಾಯಿ ಒಡೆದು ಕೈಮುಗಿದಾಗ ಅವನು ಕೇಳಿಕೊಂಡದ್ದು ಸುನಿತಾಳ ದನಿಯನ್ನೇ.

ಸಂಜೆ ಏಳಕ್ಕೆ ಹುಲಗೂರಿನಿಂದ ಕುಲಸುಮಬಿಯ ಫೋನು ಬಂತು. ಸವಣೂರಿನ ಸಂತೆಯಲ್ಲಿ ಹತ್ತು ವರ್ಷ ಸುನಿತಾಳ ಪಕ್ಕದಲ್ಲೇ ಗೋಣಿತಟ್ಟು ಹಾಸಿ ತರಕಾರಿ ಮಾರಿದವಳು. ಈಗಲೂ ಸುನಿತಾ ಕೊಟ್ಟ ಮೆಣಸಿನ ಬೀಜವನ್ನೇ ಬಿತ್ತುವವಳು. "ಸುಭಾಸಣ್ಣ, ನೋಡಿದ್ರಿ? ಟೀವ್ಯಾಗ ಸುನಿತಾ ಬಂದಿದ್ಲಲ್ಲ, ಈಗ ಆರಕ್ಕ."

ಸುಭಾಸ ಮಾಲೆ ಹಾಕಿಕೊಂಡು ಕೂತ ಕಂಪ್ಯೂಟರನ್ನು ನೋಡಿದ. ಮನಸಾರೆ ಬೈಯಬೇಕೆನಿಸಿತು. ಯಾರನ್ನು ಬೈಯುವುದು? ಪ್ಲಗ್ಗು ಕಿತ್ತ ಕೈ ತನ್ನದೇ. ಅವನು ಅಲ್ಲೇ ಗೋಡೆಗೆ ಒರಗಿ ಕೂತು ಮಗಳ ಎದುರಿಗೇ ಅತ್ತ.

ಫೋನಿನಲ್ಲಿ ಕುಲಸುಮಬಿ ಇನ್ನೂ ಹೇಳುತ್ತಿದ್ದಳು. "ನನ್ನ ಮೊಬೈಲಿನ್ಯಾಗ ಹಿಡದೇನಿ, ಎಷ್ಟ್ ಬಂದೈತೋ ಏನೋ. ಕಳಸೂದು ನನಗ ಬರಂಗಿಲ್ಲ. ನೀವ ಬರ್ರಿ."

ಮರುದಿನ ದಸರೆ. ಊರೆಲ್ಲ ಬನ್ನಿ ಮುಡಿಯುವ ತಯಾರಿಯಲ್ಲಿದ್ದಾಗ ಸುಭಾಸ ಮೊದಲ ಬಸ್ಸು ಹತ್ತಿ, ಹಾನಗಲ್ಲಿನಲ್ಲಿ ಬಸ್ಸು ಬದಲಿಸಿ, ಶಿಗ್ಗಾಂವದಲ್ಲಿ ಇನ್ನೊಂದು ಹಿಡಿದು ಹುಲಗೂರು ಮುಟ್ಟಿದ. ದಾರಿಯಲ್ಲಿ ಆ ದನಿಯನ್ನು ತಾನಾಗಿ ನೆನೆಸಿಕೊಳ್ಳಲು ಒಮ್ಮೆ ಕೊನೆಯದಾಗಿ ಪ್ರಯತ್ನಿಸಿದ. ಆಗಲಿಲ್ಲ. ಕುಲಸುಮಬಿಗೆ ಬನ್ನಿ ಕೊಟ್ಟು ಜಗುಲಿಯ ಮೇಲೆ ಕೂತ. ಅವಳು ಚಹಾ ಕೊಟ್ಟು, ಫೋನನ್ನು ಅವನ ಅಂಗೈಯಲ್ಲಿಟ್ಟು, ಸೆರಗಿನಲ್ಲಿ ಮುಖ ಮುಚ್ಚಿಕೊಂಡಳು.

ಟೀವಿಯ ಗಾಜಿನ ಮೇಲೆ ಟ್ಯೂಬ್‌ಲೈಟಿನ ಬಿಳಿ ಗೆರೆ. ಅದರ ಹಿಂದೆ ಹಸಿರು ಸೀರೆಯ ಸುನಿತಾ, ಗಡಿಗೆಗೆ ಬೂದಿ ಸುರಿಯುತ್ತಾ ಏನೋ ಹೇಳುತ್ತಿದ್ದಾಳೆ. ಕೇಳಿಸುತ್ತಿದ್ದುದು ಮಾತ್ರ ಕುಲಸುಮಬಿಯ ದನಿ: "ಯಾ ಅಲ್ಲಾ, ನಮ್ಮ ಸುನಿತಾ, ಎಷ್ಟ್ ಚಂದ ಕಾಣಾಕತ್ತಾಳ ನೋಡ್ರಿ." ಜೊತೆಗೆ ಫ್ಯಾನಿನ ಗರಗರ, ಪಕ್ಕದ ಮನೆಯ ಕುಕ್ಕರಿನ ಸೀಟಿ. ಸುಭಾಸ ಫೋನನ್ನು ಕಿವಿಗೆ ಒತ್ತಿ ಹಿಡಿದ.

ವಿಡಿಯೋದ ಕೊನೆಗೆ ಕುಲಸುಮಬಿಯ ಮಾತು ನಿಂತಿತ್ತು, ಕುಕ್ಕರೂ ಸುಮ್ಮನಾಗಿತ್ತು. ಸುನಿತಾ ಕೈ ಒರೆಸಿಕೊಂಡು, ಕ್ಯಾಮೆರಾವನ್ನು ಬಿಟ್ಟು ಅದರ ಹಿಂದೆ ನಿಂತವನ ಕಡೆ ತಿರುಗಿದಳು. ಸ್ವಲ್ಪ ಒಡಕು, ಸ್ವಲ್ಪ ಸಿಡುಕು, ನಡುವೆ ನಗು. ಅದೇ ದನಿ.

"ಅಲ್ರಿ, ಇನ್ನೊಂದು ಗಡಗಿ ಎಲ್ಲಿಟ್ರಿ?"

ಅಷ್ಟಕ್ಕೇ ಮುಗಿಯಿತು. ಅಂದು ಮಾತಾಡಬಾರದೆಂದು ಅವನು ಬರೀ ಕೈ ಮಾಡಿ ತೋರಿಸಿದ್ದ.

"ಅಟ್ಟದ ಮ್ಯಾಲ ಐತಿ," ಎಂದ ಸುಭಾಸ. "ತರ್ತೇನಿ, ತಡಿ."