ತ್ರಿಕೋನವಾಗಿ ಮಡಿಸಿದ ಚೀಲ

"ಇನ್ನು ಒಂದೂ ಉಳಿದಿಲ್ಲ ತಾನೆ?"

ಸೊಸೆ ಕೇಳಿದ್ದು ಯಾರನ್ನೂ ಅಲ್ಲ. ಅಡುಗೆಕಟ್ಟೆಯ ಕೆಳಗೆ ತಲೆ ತೂರಿಸಿ, ಹಿಟ್ಟಿನ ಡಬ್ಬದ ಹಿಂದೆ, ಸಿಲಿಂಡರಿನ ಸಂದಿಯಲ್ಲಿ ಕೈಯಾಡಿಸುತ್ತಿದ್ದಳು. ಹೋದ ವಾರ ನಗರಸಭೆಯ ಇನ್‌ಸ್ಪೆಕ್ಟರ್ ಅವರ ಹೋಟೆಲಿಗೆ ಬಂದು ಪ್ಲಾಸ್ಟಿಕ್ ಚೀಲಗಳನ್ನು ಹಿಡಿದಿದ್ದ. ಹೋಟೆಲಿನವರು ಅದರಲ್ಲಿ ಊಟ ಕಟ್ಟಿಕೊಡಕೂಡದು. ಗಿರಾಕಿಯೇ ಮನೆಯಿಂದ ಚೀಲ ತಂದರೆ ಅಡ್ಡಿಯಿಲ್ಲ. ಇನ್ನೊಮ್ಮೆ ಸಿಕ್ಕಿಬಿದ್ದರೆ ಶಟರಿಗೆ ಬೀಗ. ಹೋಟೆಲಿನ ಹಿಂದಿನ ಕೋಣೆಯೇ ಅವರ ಮನೆ. ಒಲೆ, ಹಾಸಿಗೆ, ಸೊಂಟ ಮುರಿದು ಮಲಗಿದ ಗಂಡ, ಎಲ್ಲ ಆ ಶಟರಿನ ಒಳಗೇ.

ಅವಳಿಗೆ ಭಯ ಅತ್ತೆಯ ಅಭ್ಯಾಸದ್ದು. ಮನೆಗೆ ಬಂದ ಪ್ರತಿ ಚೀಲವನ್ನೂ ಮುದುಕಿ ತೊಳೆದು, ಒರೆಸಿ, ಉದ್ದಕ್ಕೆ ಮಡಿಸಿ, ಮೂಲೆಯಿಂದ ಮೂಲೆಗೆ ಹೊರಳಿಸಿ, ಪುಟ್ಟ ತ್ರಿಕೋನ ಮಾಡಿ ಇಡುತ್ತಿದ್ದಳು. ಬಾಯಲ್ಲಿ ಸಣ್ಣದಾಗಿ ದೇವರ ಪದ. ಒಂದು ಸಾಲಿಗೆ ಒಂದು ಮಡಿಕೆ.

"ಎಲ್ಲಾ ಕೊಟ್ಟಾಯ್ತಲ್ಲೇ," ಒಳಗಿನಿಂದ ಅತ್ತೆ ಕೂಗಿದಳು. "ದಿಂಬಿನ ಕೆಳಗಿದ್ದದ್ದೂ ಕಿತ್ಕೊಂಡೆ. ಇನ್ನು ನನ್ನೇ ಮಡಿಸಿ ಎಸಿ!"

ಮಧ್ಯಾಹ್ನ ಮಳೆ ಹಿಡಿಯಿತು. ಎದುರು ಅಂಗಡಿಯ ದರ್ಜಿ, ಜ್ವರದಲ್ಲಿದ್ದ ಹೆಂಡತಿಗೆಂದು ಸೂಪು ಕಟ್ಟಿಸಿಕೊಂಡ. ಮೆಟ್ಟಿಲು ಇಳಿಯುವಷ್ಟರಲ್ಲಿ ಕಾಗದದ ಚೀಲ ನೆನೆದು ತಳ ಬಿಟ್ಟಿತು. ಇನ್ನೊಂದು ಕೊಟ್ಟರು; ಅದೂ ಹಾಗೇ. ಅಷ್ಟರಲ್ಲಿ ಗಂಡನ ಮಗ್ಗುಲು ಬದಲಿಸಲು ಸೊಸೆ ಒಳಗೆ ಹೋದಳು. ಗಲ್ಲಾದ ಬಳಿ ಕೂತಿದ್ದ ಅತ್ತೆ ಕನ್ನಡಕದ ಡಬ್ಬಿ ತೆರೆದಳು. ಅಲ್ಲೊಂದು ತ್ರಿಕೋನ ಇದೆಯೆಂಬುದು ಅವಳಿಗೂ ಆಗಲೇ ನೆನಪಾದದ್ದು.

ಸೊಸೆ ಹೊರಬಂದಾಗ ಇನ್‌ಸ್ಪೆಕ್ಟರ್ ಬಾಗಿಲಲ್ಲಿ ಛತ್ರಿ ಕೊಡವುತ್ತಿದ್ದ. ದರ್ಜಿಯ ಕೈಯಲ್ಲಿ ಪ್ಲಾಸ್ಟಿಕ್ ಚೀಲ, ಅದರ ಮೈತುಂಬ ಮಡಿಕೆಯ ಗೆರೆ.

"ನಂದೇ ಸಾರ್, ಮನೆಯಿಂದ ತಂದೆ," ಕೇಳುವ ಮೊದಲೇ ದರ್ಜಿ ಅಂದ.

"ನೀವೇ ಹೊಲಿದಿದ್ದೇನ್ರೀ?" ಇನ್‌ಸ್ಪೆಕ್ಟರ್ ಗೆರೆಗಳ ಮೇಲೆ ಬೆರಳಾಡಿಸಿದ. "ಹೋದ ಸಲ ಇಲ್ಲಿ ಡಬ್ಬದ ತುಂಬ ಇಂಥವೇ ಸಿಕ್ಕಿದ್ವು. ಹೋಗ್ಲಿ, ಬೀಗ ಹಾಕೋ ಹುಚ್ಚು ನನಗೂ ಇಲ್ಲ. ಈ ಚೀಲ ಇವರದೇ ಅಂತ ಅಜ್ಜಿ ಒಂದು ಮಾತು ಹೇಳಲಿ, ನಾನು ಹೊರಟೆ."

ಸೊಸೆ ಅತ್ತೆಯ ಪಕ್ಕ ಮಂಡಿಯೂರಿ ಅವಳ ಸೆರಗು ಹಿಡಿದಳು. "ಅತ್ತೆ, ನಿಮ್ಮ ದಮ್ಮಯ್ಯ, ಒಂದೇ ಮಾತು. ನಿಮ್ಮ ಮಗನ್ನ ಈ ಮಳೇಲಿ ಎಲ್ಲಿಗೆ ಎತ್ಕೊಂಡು ಹೋಗ್ಲಿ? ಅವರದೇ ಅಂದ್ಬಿಡಿ."

ಒಳಗೆ ಮಂಚ ಕಿರುಗುಟ್ಟಿತು. "ಅಮ್ಮಾ, ಏನಾಯ್ತು?"

ದೇವರ ಪದ ಹೇಳುವಾಗಿನಂತೆ ಅತ್ತೆಯ ತುಟಿ ಅಲುಗಿತು. ಸೊಸೆಯ ತಲೆ ಸವರಿದಳು.

"ಕೊಟ್ಟೋಳು ನಾನು," ಅಂದಳು. "ಅವರದು ಅಂತ ಸುಳ್ಳು ಹೇಳಲ್ಲ ಕಣೇ."