ಶಟರಿನ ಹಿಂದೆ ಬೆಳೆದ ಕೋಳಿ

ನಮ್ಮ ಮನೆಯವರು ಈ ಲೋಕದಲ್ಲಿ ಕೊನೆಯದಾಗಿ ಮಾಡಿದ ಕೆಲಸವೆಂದರೆ ಸೈಕಲ್ ರಿಪೇರಿ ಅಂಗಡಿಯ ಶಟರು ಎಳೆದದ್ದು. ಎಳೆದು, ಎರಡೂ ಕಡೆಯ ಬೋಲ್ಟು ಜಡಿದು, ಹಿಂಬಾಗಿಲಿನಿಂದ ಅಡುಗೆಮನೆಗೆ ಬಂದು, ಕೈಗಂಟಿದ ಗ್ರೀಸನ್ನು ತಿಕ್ಕಿ ತೊಳೆದು ಕುರ್ಚಿಯಲ್ಲಿ ಕೂತರು. "ಒಂದು ಲೋಟ ನೀರು ಕೊಡೇ" ಎಂದರು. ನಾನು ನೀರು ತರುವಷ್ಟರಲ್ಲಿ ದೇವರು ಅವರನ್ನು ಕರೆದುಕೊಂಡಿದ್ದ. ಕೂತಲ್ಲೇ, ಯಾರಿಗೂ ತೊಂದರೆ ಕೊಡದೆ. ಇಂಥ ಸಾವು ಪುಣ್ಯವಂತರಿಗೆ ಮಾತ್ರ ಎಂದು ಬಂದವರೆಲ್ಲ ಹೇಳಿದರು. ನಿಜವೇ ಇರಬೇಕು. ಆದರೆ ಆ ಲೋಟದ ನೀರನ್ನು ಏನು ಮಾಡಬೇಕೆಂದು ನನಗೆ ಯಾರೂ ಹೇಳಲಿಲ್ಲ.

ಆಮೇಲೆ ನಾನು ಶಟರು ಎತ್ತಲಿಲ್ಲ. ಅವರ ಕೈ ಎಳೆದದ್ದು, ಹಾಗೆಯೇ ಇರಲಿ ಅನ್ನಿಸಿತು. ಇನ್ನೊಂದು ಕಾರಣವೂ ಇತ್ತು. ಅದನ್ನು ಯಾರಿಗೂ ಹೇಳಿರಲಿಲ್ಲ. ಅಂಗಡಿಯೊಳಗೆ ಅವರ ವಾಸನೆ ಉಳಿದಿತ್ತು. ಪಂಕ್ಚರಿನ ಸೊಲ್ಯೂಷನ್, ಗ್ರೀಸು, ಹಳೆಯ ಟ್ಯೂಬು, ಅವುಗಳ ನಡುವೆ ಅವರ ಬೆವರು. ದಿನಾ ಬೆಳಿಗ್ಗೆ ಹಿಂಬಾಗಿಲಿನಿಂದ ಹೋಗಿ, ಅವರು ಕೂರುತ್ತಿದ್ದ ಮಣೆಯ ಮೇಲೆ ಕೂತು ಪ್ರಾರ್ಥನೆ ಮಾಡುತ್ತಿದ್ದೆ. ಶಟರು ಎತ್ತಿದರೆ ರಸ್ತೆಯ ಗಾಳಿ ನುಗ್ಗಿ ಅದಷ್ಟನ್ನೂ ಹೊತ್ತುಕೊಂಡು ಹೋಗುತ್ತದೆ ಎಂಬ ಹೆದರಿಕೆ ನನಗೆ.

ನಾವಿರುವ ಕಟ್ಟಡಗಳಿಗೆ ಸರ್ಕಾರ ಇಟ್ಟ ಹೆಸರು ಒಂದು, ಊರು ಇಟ್ಟ ಹೆಸರು ಇನ್ನೊಂದು. ಒಂದರ ಮೇಲೊಂದು ಪೇರಿಸಿದ ಸಣ್ಣ ಸಣ್ಣ ಮನೆಗಳು, ಎಲ್ಲ ಬಾಲ್ಕನಿಗೂ ಕಬ್ಬಿಣದ ಜಾಲರಿ. ಹಾಗಾಗಿ ಊರವರ ಬಾಯಲ್ಲಿ ಇದು ಕೋಳಿಗೂಡು. ಊರಲ್ಲಿ ಯಾರ ಸೈಕಲ್ಲು ಕಳೆದರೂ ಪೊಲೀಸರು ಮೊದಲು ಇಲ್ಲಿಗೇ ಬರುತ್ತಿದ್ದರು. ಎಷ್ಟೋ ಸಲ ಅದು ನಮ್ಮ ಅಂಗಡಿಯಲ್ಲೇ ಇರುತ್ತಿತ್ತು. ರಿಪೇರಿಗೆ ಬಿಟ್ಟ ಮಾಲೀಕನೇ ಮರೆತಿರುತ್ತಿದ್ದ. ಇಲ್ಲಿಯ ಮಕ್ಕಳು ಊರೊಳಗಿನ ಅಂಗಡಿಗೆ ಹೋದರೆ ಕೆಲಸದವನೊಬ್ಬ ಅವರ ಬೆನ್ನ ಹಿಂದೆಯೇ ನಡೆಯುತ್ತಾನೆ. ಊರೊಳಗೆ ಮನೆ ಮಾಡಿರುವ ನನ್ನ ತಂಗಿ ಕೂಡ ನನ್ನನ್ನು ನೋಡಲು ಬಂದಾಗ ಕೈಚೀಲವನ್ನು ಮಡಿಲಲ್ಲೇ ಇಟ್ಟುಕೊಂಡು ಕೂರುತ್ತಾಳೆ.

ಒಂದು ಮಧ್ಯಾಹ್ನ ಚಿತ್ರಕಲೆ ಕಲಿಸುವ ಮೇಡಂ ಒಬ್ಬರು ಬಾಗಿಲಿಗೆ ಬಂದರು. ಹಿಂದೆ ನಮ್ಮ ಕಟ್ಟಡಗಳದ್ದೇ ಏಳೆಂಟು ಹುಡುಗ ಹುಡುಗಿಯರು, ಎಲ್ಲರೂ ಮೀಸೆ ಚಿಗುರುವ, ಮೊಡವೆ ಏಳುವ ವಯಸ್ಸಿನವರು. ಊರಿನ ಶಾಲೆಗಳೆಲ್ಲ ಸೇರಿ, ದೊಡ್ಡ ದೊಡ್ಡ ಬೊಂಬೆ ಮಾಡಿ ತಳ್ಳಿಕೊಂಡು ಹೋಗುವ ಕಲಾ ಮೆರವಣಿಗೆ ನಡೆಸುತ್ತವಂತೆ. ಈ ಸಲ ಮೊದಲ ಬಾರಿಗೆ ಕೋಳಿಗೂಡಿಗೂ ಅದರಲ್ಲಿ ಜಾಗ ಸಿಕ್ಕಿದೆಯಂತೆ. ಮೆಟ್ಟಿಲ ಕೆಳಗೆ ಕೆಲಸ ಶುರುಮಾಡಿದ್ದಕ್ಕೆ ಮೇಲಿನ ಮನೆಯವರು ಬೈದು ಓಡಿಸಿದ್ದರು.

"ನಿಮ್ಮ ಅಂಗಡಿ ಖಾಲಿ ಇದೆ ಅಂದ್ರು ಅಮ್ಮ. ಮೆರವಣಿಗೆ ಮುಗಿಯೋ ತನಕ ಕೊಡ್ತೀರಾ?" ಎಂದರು ಮೇಡಂ.

ಖಾಲಿ ಎಂಬ ಮಾತು ಚುಚ್ಚಿತು. ಇಲ್ಲ ಎನ್ನಲು ಬಾಯಿ ತೆರೆದೆ. ಅಷ್ಟರಲ್ಲಿ ಒಬ್ಬ ಹುಡುಗಿ ಮುಂದೆ ಬಂದಳು. ಅವಳ ದನಿ ಮೂರು ಮಹಡಿಗೆ ಕೇಳುತ್ತದೆ. ಎಲ್ಲರೂ ಅವಳನ್ನು ಗಂಟಲು ಎಂದೇ ಕರೆಯುವುದು.

"ಅಜ್ಜಿ, ನನ್ನ ಮೊದಲ್ನೇ ಸೈಕಲ್ಲಿಗೆ ತಾತಾನೇ ಬೆಲ್ಲು ಹಾಕಿಕೊಟ್ಟಿದ್ದು. ನಿನ್ನ ಗಂಟಲಿಗೆ ಬೆಲ್ಲು ಯಾಕಮ್ಮಾ ಅಂತ ನಕ್ಕಿದ್ರು!"

ಇದು ನನಗೆ ಗೊತ್ತೇ ಇರಲಿಲ್ಲ. ಅವರು ಹೋದ ಮೇಲೆ ಅವರ ಹೊಸ ಮಾತೊಂದು ನನ್ನ ಕಿವಿಗೆ ಬಿದ್ದದ್ದು ಅದೇ ಮೊದಲು. ಹೂಂ ಎಂದುಬಿಟ್ಟೆ. ಗೋಡೆಯ ಹಲಗೆಯ ಮೇಲೆ ತೂಗುಹಾಕಿದ ಅವರ ಸಾಮಾನು ಮುಟ್ಟಬಾರದು ಎಂದಷ್ಟೇ ಹೇಳಿದೆ. ಶಟರಿನ ವಿಷಯ ನಾನು ಎತ್ತಲಿಲ್ಲ, ಅವರು ಕೇಳಲಿಲ್ಲ.

ಏನು ಮಾಡುವುದೆಂದು ಮೊದಲ ದಿನವೇ ಜಗಳವಾಯಿತು. ಮೇಡಂ ಹಂಸ ಎಂದರು, ಒಬ್ಬ ಹುಡುಗ ಸಿಂಹ ಎಂದ. ಗಂಟಲು ಮೇಜು ಕುಟ್ಟಿದಳು.

"ಅವರು ಹೇಗಿದ್ರೂ ಕೋಳಿಗೂಡು ಅಂತಾರಲ್ಲ, ಕೋಳೀನೇ ಮಾಡೋಣ. ಎಂಥಾ ಕೋಳಿ ಅಂದ್ರೆ, ನೋಡಿದೋರು ದಾರಿ ಬಿಡಬೇಕು!"

"ಮೊಟ್ಟೆ ನೀನೇ ಇಡ್ತೀಯಾ?" ಎಂದವನು ಕಡ್ಡಿ. ಸೈಕಲ್ ಚಕ್ರದಿಂದ ಕಿತ್ತು ನಿಲ್ಲಿಸಿದ ಹಾಗಿದ್ದ ಆ ಹುಡುಗನ ಕೈಬೆರಳು ಮಾತ್ರ ಬಲು ಚುರುಕು.

ಅಂತೂ ಕೋಳಿಯೇ ಗೆದ್ದಿತು. ಶಾಲೆ ಬಿಟ್ಟೊಡನೆ ಮಕ್ಕಳು ನನ್ನ ಅಡುಗೆಮನೆ ಹಾಯ್ದು ಅಂಗಡಿಗೆ ಹೋಗುವರು. ಹೋಗುತ್ತ ತಿಂಡಿಯ ಡಬ್ಬಿಗೆ ಕೈ ಹಾಕುವರು; ಬರುತ್ತ ನನ್ನ ತೊಟ್ಟಿಯಲ್ಲೇ ಕೈ ತೊಳೆದು ನೀರನ್ನೆಲ್ಲ ಕೆಂಪು ಮಾಡುವರು. ನಾನು ಬೈಯುವೆ, ಅವರು "ಸಾರಿ ಅಜ್ಜಿ" ಎಂದು ಮರುದಿನ ಹಳದಿ ಮಾಡುವರು. ಮೊದಮೊದಲು ಬಾಗಿಲಲ್ಲಿ ನಿಂತು ಕಾವಲು ಕಾಯುತ್ತಿದ್ದೆ. ಆಮೇಲೆ ಮಣೆ ಎಳೆದುಕೊಂಡು ಕೂತೆ. ಕೋಳಿಯ ಹೊಟ್ಟೆಗೆ ಬಳೆಯಂಥ ಚೌಕಟ್ಟು ಬೇಕೆಂದು ಅವರು ಒದ್ದಾಡುವಾಗ ನಾನೇ ಅಟ್ಟದ ಕಡೆ ಕೈ ತೋರಿಸಿ, "ಆ ಹಳೇ ರಿಮ್ಮುಗಳಿವೆಯಲ್ಲ, ತಗೊಳ್ಳಿ" ಎಂದೆ. ಟ್ಯೂಬು ಕತ್ತರಿಸಿ ಜುಟ್ಟು ಮಾಡಿದರು, ಅಡಿಗೆ ಚಕ್ರ ಹಾಕಿದರು. ಕಡ್ಡಿ ಅದರ ಕೊರಳೊಳಗೆ ಬ್ರೇಕಿನ ತಂತಿ ಓಡಿಸಿದ. ಹಿಡಿ ಒತ್ತಿದರೆ ಕೊಕ್ಕು ಬಾಯಿ ಬಿಡುವುದು. ಕೊಕ್ಕಿನೊಳಗೆ ಒಂದು ಸೈಕಲ್ ಬೆಲ್ಲು. ಮನೆಮನೆಯಿಂದ ತಂದ ಕಾಗದದ ಚೀಲಗಳು ರೆಕ್ಕೆಯ ಗರಿಗಳಾದವು. ಎರಡು ಕಣ್ಣು ಒಂದೊಂದು ಕಡೆ ನೋಡುತ್ತಿದ್ದವು. ಅದನ್ನು ಕಂಡು ನಾನು ಸೆರಗು ಬಾಯಿಗೆ ಒತ್ತಿಕೊಂಡು ನಕ್ಕೆ. ಒಳಗೊಳಗೆ ನಾಚಿಕೆಯಾಯಿತು. ದೇವರೇ, ಇಷ್ಟು ಬೇಗ ನಗಬಹುದೇ ಎಂದು ಕೇಳಿಕೊಂಡೆ.

ಮೆರವಣಿಗೆಯ ಹಿಂದಿನ ದಿನ ಮೇಡಂ ಕೈಯ ಬಣ್ಣ ಒರೆಸಿಕೊಳ್ಳುತ್ತ, "ನಾಳೆ ಬೆಳಿಗ್ಗೆ ಬೇಗ ಬಂದು ಶಟರು ಎತ್ತಿಬಿಡೋಣ. ತಳ್ಳಿದ್ರೆ ಸೀದಾ ರಸ್ತೆ" ಎಂದರು.

"ಶಟರು ಎತ್ತೋ ಹಾಗಿಲ್ಲ" ಎಂದೆ.

ತಮಾಷೆ ಎಂದುಕೊಂಡು ಎಲ್ಲರೂ ನಕ್ಕರು. ನನ್ನ ಮುಖ ನೋಡಿ ಒಬ್ಬೊಬ್ಬರಾಗಿ ನಿಲ್ಲಿಸಿದರು.

"ತುಕ್ಕು ಹಿಡಿದಿದೆಯಾ ಅಜ್ಜಿ? ಎಣ್ಣೆ ಬಿಟ್ಟರೆ ಆಯ್ತು" ಎಂದ ಕಡ್ಡಿ.

"ತುಕ್ಕಲ್ಲ ಕಣೋ. ಅದನ್ನ ಅವರು ಎಳೆದದ್ದು. ಕೊನೇ ಸಲ."

ಗಂಟಲಿಗೂ ಗಂಟಲು ಕಟ್ಟಿತ್ತು. ಮೇಡಂ ಕೋಳಿಯನ್ನು ನೋಡಿದರು, ಹಿಂಬಾಗಿಲನ್ನು ನೋಡಿದರು. ಆ ಬಾಗಿಲಿನಲ್ಲಿ ಕೋಳಿಯ ಕತ್ತು ತೂರಬಹುದಿತ್ತು, ಹೊಟ್ಟೆ ಯಾವ ಜನ್ಮಕ್ಕೂ ಇಲ್ಲ. ಹಿಂಬಾಗಿಲಿಂದ ಬಂದವರು ಹಿಂಬಾಗಿಲಿಂದಲೇ ಹೋಗುತ್ತಾರೆ ಎಂದು ನಾನು ತಿಳಿದಿದ್ದೆ. ಅಂಗಡಿಯೆಂದ ಮೇಲೆ ಶಟರು ಎತ್ತುವುದೇ ಅಲ್ಲವೇ ಎಂದು ಅವರು ತಿಳಿದಿದ್ದರು. ಇಷ್ಟು ದಿನ ಒಂದೇ ಕೋಣೆಯಲ್ಲಿ ಕೂತು ಒಂದು ಮಾತು ಕೇಳಿಕೊಂಡಿರಲಿಲ್ಲ.

"ಮೊಟ್ಟೆಯೊಳಗೇ ದೊಡ್ಡದಾಗಿಬಿಟ್ಟಿದೆ ನಮ್ಮ ಕೋಳಿ" ಎಂದು ಕಡ್ಡಿ ನಗಿಸಲು ನೋಡಿದ.

"ನೀವೇನೂ ಬೇಜಾರು ಮಾಡ್ಕೋಬೇಡಿ ಅಮ್ಮ. ಮೊದಲೇ ಕೇಳಬೇಕಿತ್ತು, ತಪ್ಪು ನನ್ನದು" ಎಂದು ಮೇಡಂ ಮಕ್ಕಳನ್ನು ಕರೆದುಕೊಂಡು ಹೋದರು.

ಸಂಜೆ ತಂಗಿಗೆ ಫೋನು ಮಾಡಿದೆ. "ಅಕ್ಕ, ನೀನು ಕೊಟ್ಟದ್ದೇ ಹೆಚ್ಚು. ಕೋಳಿ ಒಳಗೇ ಇರಲಿ ಬಿಡು, ಆ ಪುಂಡರು ಊರೊಳಗೆ ಬಂದು ಮಾಡೋದಾದರೂ ಏನು?" ಎಂದಳು. ನನಗೆ ಬೇಕಾದ ಉತ್ತರವೇ ಅದು. ಆದರೂ ಅವಳ ಬಾಯಲ್ಲಿ ಕೇಳಿದಾಗ ಮೈ ಉರಿಯಿತು. ಫೋನು ಇಟ್ಟು ಪ್ರಾರ್ಥನೆಗೆ ಕೂತೆ. ಎತ್ತಿದರೆ ಅವರು ಹೋಗುತ್ತಾರೆ, ಎತ್ತದಿದ್ದರೆ ಮಕ್ಕಳ ಮುಖ ಹೇಗೆ ನೋಡಲಿ? ನೀನೇ ಒಂದು ದಾರಿ ತೋರಿಸು ಎಂದು ಬೇಡಿಕೊಂಡೆ. ಮಲಗಿದೆ.

ಬೆಳಕು ಹರಿಯುವ ಹೊತ್ತಿಗೆ ಕರ್ ಕರ್ ಎಂಬ ಸದ್ದಿಗೆ ಎಚ್ಚರವಾಯಿತು. ಸದ್ದು ಅಂಗಡಿಯಿಂದ. ಮಕ್ಕಳಿಗೆಂದು ಹಿಂದಿನ ಅಗಳಿ ಹಾಕುವುದನ್ನೇ ಬಿಟ್ಟಿದ್ದೆ. ಹೋಗಿ ನೋಡಿದರೆ ಹಲಗೆಯ ಮೇಲೆ ಗರಗಸದ ಜಾಗ ಖಾಲಿ. ಮುಟ್ಟಬೇಡಿ ಎಂದಿದ್ದೆನಲ್ಲ! ನೆತ್ತಿಗೇರಿತು ಸಿಟ್ಟು. ಬೈಯಲು ಬಾಯಿ ತೆರೆದವಳು ಹಾಗೇ ನಿಂತೆ.

ಕಡ್ಡಿ ನೆಲದ ಮೇಲೆ ಮಲಗಿ ಕೋಳಿಯ ಹೊಟ್ಟೆ ಕೊಯ್ಯುತ್ತಿದ್ದ. ಗಂಟಲು ಕೋಳಿಯ ಕೊರಳನ್ನು ತಬ್ಬಿ ಹಿಡಿದಿದ್ದಳು. ಅವಳ ಕಣ್ಣಿಂದ ನೀರು ಸುರಿಯುತ್ತಿತ್ತು, ಬಾಯಿಂದ ಒಂದು ಸದ್ದೂ ಇಲ್ಲ. ಆ ಹುಡುಗಿ ಸದ್ದಿಲ್ಲದೆ ಅಳುವುದನ್ನು ನೋಡಲು ನನ್ನಿಂದ ಆಗಲಿಲ್ಲ.

"ಏನ್ರೋ ಇದು?"

ಕಡ್ಡಿ ತಟ್ಟನೆ ಎದ್ದ. "ಅಯ್ಯೋ, ಎದ್ದುಬಿಟ್ರಾ ಅಜ್ಜಿ? ಸದ್ದಾಗಬಾರದು ಅಂತ ಬ್ಲೇಡಿಗೆ ಎಣ್ಣೆ ಬೇರೆ ಹಚ್ಚಿದ್ದೆ."

"ಎರಡು ತುಂಡು ಮಾಡಿ ಹಿಂದಿನಿಂದ ತಗೊಂಡು ಹೋಗ್ತೀವಿ ಅಜ್ಜಿ" ಎಂದಳು ಗಂಟಲು ಮೂಗು ಒರೆಸಿಕೊಳ್ಳುತ್ತ. "ಹೊರಗೆ ತಂತಿ ಕಟ್ಟಿ ಜೋಡಿಸ್ತೀವಿ. ಅರ್ಧಂಬರ್ಧ ನಿಲ್ಲುತ್ತೆ ಬಿಡಿ. ತಾತ ಎಳೆದದ್ದು ಹಾಗೇ ಇರಲಿ."

"ಗರಗಸ ತಗೊಂಡಿದ್ದಕ್ಕೆ ಬೈಬೇಡಿ. ತೊಳೆದು ಅಲ್ಲೇ ಇಡ್ತೀನಿ" ಎಂದ ಕಡ್ಡಿ.

ಊರು ಬೆನ್ನ ಹಿಂದೆ ಕಾವಲು ಹಾಕುವ ಮಕ್ಕಳು ಇವರು. ನನ್ನ ಮನೆಗೆ ಕದ್ದು ಬಂದಿದ್ದರು, ನಿಜ. ಬಂದದ್ದು ನನ್ನ ದುಃಖವನ್ನು ಅಲುಗಾಡಿಸದೆ ತಮ್ಮದನ್ನು ಕೊಯ್ದುಕೊಂಡು ಹೋಗಲು. ಹಿಂದಿನ ಸಂಜೆ ಕೇಳಿದ್ದಕ್ಕೆ ಭಗವಂತ ಬೆಳಿಗ್ಗೆ ಉತ್ತರ ಕಳಿಸಿದ್ದ. ಅದಕ್ಕಿಂತ ಸ್ಪಷ್ಟವಾಗಿ ಇನ್ನು ಹೇಗೆ ಹೇಳಿಯಾನು?

"ಗರಗಸ ಕೆಳಗಿಡು. ಆ ಎಣ್ಣೆ ಡಬ್ಬಿ ಇಲ್ಲಿ ತಾ" ಎಂದೆ.

ಬೋಲ್ಟುಗಳಿಗೆ ನಾನೇ ಎಣ್ಣೆ ಬಿಟ್ಟೆ. ಎಡಗಡೆಯದು ಸಲೀಸಾಗಿ ಬಂತು. ಬಲಗಡೆಯದನ್ನು ಕಡ್ಡಿ ತಟ್ಟಿ ತಟ್ಟಿ ಬಿಡಿಸಿದ. ಅಷ್ಟರಲ್ಲಿ ಮೇಡಂ ಬಂದರು, ಉಳಿದ ಮಕ್ಕಳೂ ಬಂದರು. ಎಲ್ಲರೂ ಬಗ್ಗಿ ಕೈ ಕೊಟ್ಟೆವು. ಶಟರು ಮೊಣಕಾಲೆತ್ತರಕ್ಕೆ ಎದ್ದು ಅಲ್ಲೇ ಕಚ್ಚಿಕೊಂಡಿತು.

"ತಾತ ಬಿಡ್ತಾ ಇಲ್ಲ!" ಎಂದ ಒಬ್ಬ. ಗಂಟಲು ಅವನ ತಲೆಗೆ ಮೊಟಕಿದಳು. ನನಗೆ ಮಾತ್ರ ನಗು ಬಂತು. ಬಿಗಿ ಹಿಡಿದದ್ದು ಅವರಲ್ಲ ಎಂದು ನನಗೆ ಗೊತ್ತಿತ್ತು.

ಆಗ ಹೊರಗಿನಿಂದ, ಶಟರಿನ ಅಡಿಯಲ್ಲಿ, ದಪ್ಪ ಕೈಗವಸು ತೊಟ್ಟ ಎರಡು ಕೈ ಕಾಣಿಸಿದವು. ರಸ್ತೆ ಗುಡಿಸುವಾಕೆ. "ಒಳಗಿರೋರು ಯಾರ್ರೀ? ಒಂದೇ ಸಲ ಎತ್ತಿ, ನಾನೂ ಎತ್ತೀನಿ!" ಎಂದು ಕೂಗಿದಳು. ಎತ್ತಿದೆವು. ಗಡಗಡ ಗಡಗಡ ಎಂದು ಶಟರು ಮೇಲೆ ಹೋಯಿತು. ಧೂಳೆಲ್ಲ ನಮ್ಮ ತಲೆಯ ಮೇಲೆ ಸುರಿಯಿತು. ಬೆಳಗಿನ ಬಿಸಿಲು ಹಲಗೆಯವರೆಗೂ ಬಂತು.

"ಅಬ್ಬಬ್ಬಾ, ಇದೆಂಥಾ ಕೋಳಿರೀ!" ಎಂದು ಆಕೆ ಪೊರಕೆ ಬಿಟ್ಟು ನಿಂತಳು.

ನಾನು ಕಣ್ಣು ಮುಚ್ಚಿ ಉಸಿರೆಳೆದುಕೊಂಡೆ. ಹೋಗುವ ಮುಂಚೆ ಒಂದು ಸಲ, ಕೊನೆಯದಾಗಿ. ಮೂಗಿಗೆ ಬಂದದ್ದು ಗೋಂದು, ಬಣ್ಣ, ಮಕ್ಕಳ ಬೆವರು. ಇನ್ನೊಂದು ಸಲ ಎಳೆದುಕೊಂಡೆ. ಅವರದು ಇರಲಿಲ್ಲ. ಎಂದೋ ಹೋಗಿತ್ತು. ಯಾವಾಗ ಹೋಯಿತು? ಅಟ್ಟದಿಂದ ರಿಮ್ಮು ಇಳಿಸಿದ ದಿನವೋ, ಕೋಳಿಯ ಕಣ್ಣು ನೋಡಿ ನಕ್ಕ ದಿನವೋ? ನಾನೇ ಪಕ್ಕದಲ್ಲಿ ಕೂತಿದ್ದೆ, ನನಗೇ ತಿಳಿಯಲಿಲ್ಲ. ಯಾವುದು ಹೋದರೆ ನಾನು ಉಳಿಯಲಾರೆ ಎಂದುಕೊಂಡಿದ್ದೆನೋ ಅದು ಹೋಗಿ ಎಷ್ಟೋ ದಿನವಾಗಿತ್ತು, ನಾನು ಉಳಿದಿದ್ದೆ. ಎದೆಯ ಮೇಲಿಂದ ಯಾರೋ ಮೂಟೆ ಇಳಿಸಿದಂತಾಯಿತು. ಅವರು ಬೈಯುವವರಾಗಿದ್ದರೆ, ಸೈಕಲ್ಲಿಗೆ ಅಂತ ಕಟ್ಟಿದ ಅಂಗಡಿಯಲ್ಲಿ ಗಾಳಿ ಕಟ್ಟಿಟ್ಟಿದ್ದೀಯಲ್ಲೇ ಎಂದು ಬೈಯುತ್ತಿದ್ದರು.

"ಅಜ್ಜಿ, ಹೊಟ್ಟೆ ಅರ್ಧ ಕೊಯ್ದಾಗಿದೆಯಲ್ಲ, ಏನ್ ಮಾಡೋದು?" ಎಂದು ಗಂಟಲು ನನ್ನ ತೋಳು ಅಲ್ಲಾಡಿಸಿದಳು. ಅವಳ ಗಂಟಲು ವಾಪಸು ಬಂದಿತ್ತು.

"ಪಂಕ್ಚರ್ ಅಂಗಡೀಲಿ ನಿಂತು ಕೇಳೋ ಪ್ರಶ್ನೆಯೇನೇ ಅದು?" ಎಂದೆ. ಕಡ್ಡಿ ರಿಮ್ಮಿಗೆ ತಂತಿ ಸುತ್ತಿದ. ಟ್ಯೂಬಿನ ದೊಡ್ಡ ಪಟ್ಟಿ ಕತ್ತರಿಸಿ, ಸೊಲ್ಯೂಷನ್ ಹಚ್ಚಿ, ಒಣಗುವ ತನಕ ಕಾದು ಕೋಳಿಯ ಹೊಟ್ಟೆಗೆ ಪ್ಯಾಚು ಒತ್ತಿದೆವು.

ಮೆರವಣಿಗೆಯಲ್ಲಿ ನಾನೂ ನಡೆದೆ. ಊರೊಳಗೆ ಹೊಕ್ಕಾಗ ರಸ್ತೆ ಬದಿಯಿಂದ ಯಾವನೋ, "ಕೋಳಿಗೂಡಿನ ಕೋಳಿ ಬಂತ್ರೋ!" ಎಂದು ಕೂಗಿದ. ಮಕ್ಕಳ ಹೆಗಲು ಬಿಗಿಯಾದದ್ದು ಕಂಡಿತು. ಗಂಟಲು ಬ್ರೇಕಿನ ಹಿಡಿ ಒತ್ತಿದಳು. ಕೊಕ್ಕು ಅವನ ಕಡೆಗೇ ಬಾಯಿ ಬಿಟ್ಟಿತು, ಬೆಲ್ಲು ಟ್ರಿಣ್ ಎಂದಿತು.

"ಬಂತು! ದಾರಿ ಬಿಡಿ, ಕಾವಿಗೆ ಕೂರೋ ಕೋಳಿ, ಕುಕ್ಕುತ್ತೆ!" ಎಂದಳು.

ಅವನು ನಿಜಕ್ಕೂ ಒಂದು ಹೆಜ್ಜೆ ಹಿಂದೆ ಹೋದ. ಬೀದಿಯೇ ನಕ್ಕಿತು, ಮಕ್ಕಳೂ ನಕ್ಕರು, ಅವನೂ ನಕ್ಕ. ಅಲ್ಲಿಂದ ಮುಂದೆ ಪ್ರತಿ ತಿರುವಿನಲ್ಲೂ ಸಣ್ಣ ಮಕ್ಕಳು ಓಡಿಬಂದು ಕುಕ್ಕಿಸಿಕೊಂಡರು. ನನ್ನ ತಂಗಿ ಅವಳ ಮನೆಯ ಗೇಟಿನಲ್ಲಿ ನಿಂತಿದ್ದಳು. "ಅಕ್ಕ! ನೀನೂನಾ?" ಎಂದಳು. "ಬಾರೇ, ಒಂದು ಕೈ ಹಾಕು, ಏರು ಬಂತು" ಎಂದೆ. ಕೈಚೀಲವನ್ನು ಕೋಳಿಯ ಬಾಲಕ್ಕೆ ಸಿಕ್ಕಿಸಿ ತಳ್ಳಿದಳು.

ಕೋಳಿಯನ್ನು ಮತ್ತೆ ಅಂಗಡಿಯೊಳಗೆ ತಂದು ನಿಲ್ಲಿಸುವಾಗ ಬಿಸಿಲು ಇಳಿಯುತ್ತಿತ್ತು. ಕಡ್ಡಿ ಗರಗಸವನ್ನು ಒರೆಸಿ ಹಲಗೆಯ ಮೇಲೆ ಅದರ ಜಾಗದಲ್ಲಿ ತೂಗುಹಾಕಿದ. ಆಮೇಲೆ ಶಟರಿಗೆ ಕೈ ಚಾಚಿದವನು ನನ್ನ ಮುಖ ನೋಡಿದ.

"ಎಳಿಲಾ ಅಜ್ಜಿ? ಇಲ್ಲಾ ನೀವೇ ಎಳಿತೀರಾ?"

"ನೀನೇ ಎಳಿ. ಬೋಲ್ಟು ಜಡಿಬೇಡ. ನಾಳೆ ಎತ್ತಬೇಕಲ್ಲ."

ಶಟರು ಇಳಿದ ಸದ್ದು ಅಡುಗೆಮನೆಗೆ ಕೇಳಿತು. ಒಂದು ಲೋಟ ನೀರು ತುಂಬಿಸಿ, ಅವರ ಕುರ್ಚಿಯಲ್ಲಿ ಕೂತು, ಅಷ್ಟನ್ನೂ ಕುಡಿದೆ.