ಮುನ್ನೂರು ಕಿಲೋಮೀಟರಿನ ಕಾಲು

ಬೆಣ್ಣೆಗಾಲು ಎಂದೇ ಹೆಸರಾದ ಚಾಲಕರು ಇಪ್ಪತ್ತೆರಡು ವರ್ಷದಲ್ಲಿ ನಾಲ್ಕು ಲಕ್ಷ ಕಿಲೋಮೀಟರ್ ಕಾರು ಓಡಿಸಿದ್ದರು. ಒಂದು ಊರನ್ನೂ ಮುಟ್ಟಿರಲಿಲ್ಲ. ವಾಹನ ಪರೀಕ್ಷಾ ಕೇಂದ್ರದ ಎರಡನೇ ಕೋಣೆಯ ನೆಲದೊಳಗೆ ಉಕ್ಕಿನ ಉರುಳೆಗಳಿದ್ದವು. ಚಕ್ರಗಳನ್ನು ಅವುಗಳ ಮೇಲೆ ನಿಲ್ಲಿಸಿ, ಕಾರನ್ನು ನಾಲ್ಕು ಪಟ್ಟಿಗಳಿಂದ ಬಿಗಿದು, ಎದುರಿಗೊಂದು ಆಳೆತ್ತರದ ಫ್ಯಾನ್ ಹಾಕಿದರೆ ರಸ್ತೆ ಸಿದ್ಧ. ಪರದೆಯ ಮೇಲೆ ಒಂದು ಗೆರೆ ಏರಿಳಿಯುತ್ತ ಬರುತ್ತದೆ. ಅದು ಹೇಳಿದ ವೇಗದಲ್ಲಿ ಚಾಲಕ ಓಡಿಸಬೇಕು. ಕಾರು ಎಷ್ಟು ಪೆಟ್ರೋಲ್ ಕುಡಿಯಿತು, ಎಷ್ಟು ಕರೆಂಟು ತಿಂದಿತು ಎಂದು ಅಳೆದು ಕೊನೆಗೊಂದು ಸಂಖ್ಯೆ ಬರೆಯುತ್ತಾರೆ. ಆ ಸಂಖ್ಯೆ ಶೋರೂಮಿನ ಗಾಜಿಗೂ ಅಂಟುತ್ತದೆ, ಸರ್ಕಾರದ ಇಂಧನ ನೀತಿಯ ಕಡತಕ್ಕೂ ಹೋಗುತ್ತದೆ. ಗಾಣದೆತ್ತಿನ ಕೆಲಸ ಎಂದು ಹೆಂಡತಿ ಆಡಿಕೊಳ್ಳುತ್ತಿದ್ದಳು. ಗಾಣದೆತ್ತು ಸುತ್ತಾದರೂ ಹಾಕುತ್ತದೆ ಎಂದು ಅವರೇ ಅವಳನ್ನು ತಿದ್ದುತ್ತಿದ್ದರು.

ಗೆರೆಗಿಂತ ಎರಡು ಕಿಲೋಮೀಟರ್ ವೇಗ ಹೆಚ್ಚಾದರೂ ಕಡಿಮೆಯಾದರೂ ನಿಯಮ ಕ್ಷಮಿಸುತ್ತದೆ. ಉಳಿದ ಚಾಲಕರು ಆ ಕ್ಷಮೆಯನ್ನು ಮೇಲೊಮ್ಮೆ ಕೆಳಗೊಮ್ಮೆ ಪೋಲು ಮಾಡುತ್ತಿದ್ದರು. ಇವರು ಮಾತ್ರ ಬೆಣ್ಣೆಯಿಂದ ಕೂದಲು ತೆಗೆದಷ್ಟು ನಯವಾಗಿ, ಮೊದಲಿನಿಂದ ಕೊನೆಯವರೆಗೆ ಕೆಳಗಿನ ಅಂಚಿನಲ್ಲೇ ಸಾಗಿ ಇಂಧನ ಉಳಿಸುತ್ತಿದ್ದರು. ಹೆಸರು ಬಂದದ್ದೇ ಹಾಗೆ. ಮೋಸವೇನೂ ಇರಲಿಲ್ಲ, ಎಲ್ಲವೂ ನಿಯಮದೊಳಗೇ. ಕಂಪನಿಗಳು ಕಾರು ಕಳಿಸುವ ಮುಂಚೆ ಬೆಣ್ಣೆಗಾಲು ರಜೆಯಲ್ಲಿಲ್ಲ ತಾನೇ ಎಂದು ವಿಚಾರಿಸಿಕೊಳ್ಳುತ್ತಿದ್ದವು.

ಈ ನೆಮ್ಮದಿಗೆ ಕಲ್ಲು ಹಾಕಿದವಳು ಹೊಸದಾಗಿ ಬಂದ ಸಂಶೋಧಕಿ. ಒಂದು ಚಾರ್ಜಿಗೆ ಮುನ್ನೂರು ಕಿಲೋಮೀಟರ್ ಎಂದು ಗಾಜಿನ ಮೇಲೆ ಬರೆದಿದ್ದ ಒಂದು ಎಲೆಕ್ಟ್ರಿಕ್ ಕಾರು ರಸ್ತೆಯಲ್ಲಿ ಎಷ್ಟು ಓಡುತ್ತದೆಂದು ಅವಳು ಐನೂರು ಮಾಲೀಕರಿಂದ ವಿವರ ತರಿಸಿದಳು. ಸರಾಸರಿ ಇನ್ನೂರ ನಲವತ್ತು. ಪರೀಕ್ಷೆಯಲ್ಲಿ ಎಸಿ ಹಾಕುವುದಿಲ್ಲವಾದ್ದರಿಂದ ಕೊರತೆಯ ಅರವತ್ತರಲ್ಲಿ ಮೂವತ್ತು ಅದರ ತಲೆಗೆ ಹೋಯಿತು. ಉಳಿದ ಮೂವತ್ತಕ್ಕೆ ವಾರಸುದಾರರೇ ಇರಲಿಲ್ಲ. ಉರುಳೆ ಬಿಚ್ಚಿಸಿದಳು, ಮೀಟರು ಬದಲಿಸಿದಳು, ಫ್ಯಾನಿನ ಗಾಳಿ ಅಳೆದಳು. ಅಷ್ಟರಲ್ಲಿ ಬೆಣ್ಣೆಗಾಲು ಜ್ವರ ಬಂದು ಮೂರು ದಿನ ಮಲಗಿದರು. ಬದಲಿ ಚಾಲಕ ಅದೇ ಕಾರನ್ನು ಓಡಿಸಿದ. ಇನ್ನೂರ ಎಪ್ಪತ್ತು ಬಂತು.

"ಸರ್, ನೀವು ತಪ್ಪು ಮಾಡಿಲ್ಲ. ತುಂಬ ಚೆನ್ನಾಗಿ ಓಡಿಸ್ತೀರಿ, ಅದೇ ತೊಂದರೆ," ಎಂದಳು.

ಇಪ್ಪತ್ತೆರಡು ವರ್ಷದಲ್ಲಿ ಅವರನ್ನು ಇಷ್ಟು ಮರ್ಯಾದೆಯಿಂದ ಯಾರೂ ಬೈದಿರಲಿಲ್ಲ. ಅಂಚಿನಲ್ಲೇ ಓಡಿಸುವುದು ತಮ್ಮ ಪದ್ಧತಿ ಎಂದು ಅವಳು ತಂದ ಕಾಗದಕ್ಕೆ ಅವರು ಸಹಿ ಹಾಕಬೇಕಿತ್ತು, ಸಾಮಾನ್ಯ ಜನರಿಂದ ಓಡಿಸಿ ಹೋಲಿಸಲು ಒಪ್ಪಬೇಕಿತ್ತು. ಒಪ್ಪಿದರೆ ಅವರ ಎಲ್ಲ ಸಂಖ್ಯೆಗಳ ಮೇಲೂ ಅನುಮಾನದ ಗೀಟು ಬೀಳುತ್ತಿತ್ತು.

"ಸಹಿ ಗಿಹಿ ಹಾಕ್ಬೇಡ್ರೀ. ಕಂಪನಿಗಳು ಬೇರೆ ಕಡೆ ಹೋದ್ರೆ ಉರುಳೆ ಮೇಲೆ ನಾನು ಓಡ್ಲಾ?" ಎಂದರು ಕೇಂದ್ರದ ಮುಖ್ಯಸ್ಥರು.

ಬೆಣ್ಣೆಗಾಲಿಗೆ ಆ ಸಲಹೆಯ ಅಗತ್ಯವೇ ಇರಲಿಲ್ಲ. "ಕುಣಿಯೋಕೆ ಬರದವಳು ನೆಲ ಡೊಂಕು ಅಂದಳಂತೆ. ಜನಕ್ಕೆ ಓಡಿಸೋಕೆ ಬರದಿದ್ರೆ ನನ್ನ ಸಂಖ್ಯೆ ಏನು ಮಾಡುತ್ತೆ?" ಎಂದು ಸಂಶೋಧಕಿಗೆ ಹೇಳಿ ಕಾಗದವನ್ನು ವಾಪಸ್ಸು ಕೊಟ್ಟರು.

ಅವರಿಗೆ ಒಬ್ಬಳೇ ಮಗಳು, ಆಸ್ಪತ್ರೆಯಲ್ಲಿ ನರ್ಸು. ಆರು ತಿಂಗಳ ಹಿಂದೆ ಅದೇ ಮಾದರಿಯ ಕಾರನ್ನು ಕೊಂಡಿದ್ದಳು. ಶೋರೂಮಿನವನು ಇನ್ನೆರಡು ಕಾರು ತೋರಿಸಲು ಹೊರಟಾಗ, "ಬೇಡ, ಇದು ನಮ್ಮಪ್ಪ ಓಡಿಸಿದ್ದು" ಎಂದಿದ್ದಳಂತೆ. ಆ ಮಾತನ್ನು ಹೆಂಡತಿಯ ಬಾಯಿಂದ ಕೇಳಿ ಅವರು ಒಂದು ವಾರ ಉಬ್ಬಿದ್ದರು.

ಆ ಶುಕ್ರವಾರ ಮಧ್ಯಾಹ್ನ ಅವರ ಸ್ಕೂಟರ್ ಕೆಟ್ಟಿತು. ಪಾಳಿ ಮುಗಿಸಿದ ಮಗಳು ಕರೆದೊಯ್ಯಲು ಬಂದಳು. ಅವಳು ಓಡಿಸುವಾಗ ಅವರು ಪಕ್ಕದಲ್ಲಿ ಕೂತದ್ದು ಅದೇ ಮೊದಲು. ಹೊರಗೆ ಬಿಸಿಲು ಕುದಿಯುತ್ತಿತ್ತು. ಕಾರಿನ ಎಸಿ ಆರಿತ್ತು, ಗಾಜುಗಳು ಮುಚ್ಚಿದ್ದವು, ಮಗಳ ಕುತ್ತಿಗೆಗೆ ಒದ್ದೆ ಟವೆಲ್ ಸುತ್ತಿತ್ತು.

"ಗಾಜು ಇಳಿಸಮ್ಮ."

"ಇಳಿಸಿದ್ರೆ ಗಾಳಿ ಹಿಡಿದೆಳೆಯುತ್ತೆ ಅಪ್ಪಾ. ನೀವೇ ಹೇಳಿದ್ರಲ್ಲ."

ಹೇಳಿದ್ದರು. ನಲವತ್ತರ ವೇಗದಲ್ಲಿ ಹೋಗುತ್ತಿದ್ದಳು, ಹಿಂದಿನವರು ಹಾರನ್ ಹೊಡೆದು ಶಾಪ ಹಾಕುತ್ತಿದ್ದರು. ಬೆವರು ಒರೆಸಲು ಅವರು ಡ್ಯಾಶ್‌ಬೋರ್ಡಿನ ಖಾನೆಯಲ್ಲಿ ಬಟ್ಟೆ ಹುಡುಕಿದರೆ ಒಂದು ನೋಟುಪುಸ್ತಕ ಸಿಕ್ಕಿತು. ಪ್ರತಿ ಪುಟದ ಮೇಲೆ "ಅಪ್ಪ: ೩೦೦" ಎಂದಿತ್ತು. ಕೆಳಗೆ ಅವಳದು: ೨೩೮, ೨೪೧, ಎಸಿ ಬಿಟ್ಟ ಮೇಲೆ ೨೬೮, ೨೭೦. ಅದರ ಕೆಳಗೆ ಸಣ್ಣಕ್ಷರದಲ್ಲಿ: "ಬ್ರೇಕ್ ತಡವಾಯ್ತು. ಸಿಗ್ನಲ್‌ನಲ್ಲಿ ಆತುರ. ಕಾಲು ಭಾರ."

"ಇದೇನಿದು?"

"ಕಲೀತಿದ್ದೀನಿ ಅಪ್ಪಾ. ಎರಡು ಸಲ ದಾರೀಲೇ ನಿಂತೋಯ್ತು. ಒಂದು ಸಲ ಪಾಳಿಗೆ ತಡ ಆಗಿ ಮೆಮೊ ಕೊಟ್ರು. ನಿಮಗೆ ಹೇಳೋಕೆ ನಾಚಿಕೆ ಆಯ್ತು. ನಿಮ್ಮ ಮಗಳಾಗಿ ಇಷ್ಟು ಕೆಟ್ಟದಾಗಿ ಓಡಿಸ್ತೀನಲ್ಲ ಅಂತ."

ಅವರು ಅವಳ ಕಾಲನ್ನೇ ನೋಡಿದರು. ಮನೆ ಬರುವವರೆಗೂ ನೋಡಿದರು. ಕಾಲು ಭಾರವಿರಲಿಲ್ಲ, ಆತುರವಿರಲಿಲ್ಲ. ಎದುರಿಗೆ ಬಂದ ಲಾರಿಯನ್ನೂ ಅಡ್ಡ ಬಂದ ಅಜ್ಜಿಯನ್ನೂ ಸಂಭಾಳಿಸುತ್ತ ಮನೆ ಸೇರುವ ಕಾಲು ಅದು. ತಮ್ಮ ಕೋಣೆಯಲ್ಲಿ ಅಜ್ಜಿಯರು ಅಡ್ಡ ಬರುತ್ತಿರಲಿಲ್ಲ. ಇಳಿಯುವಾಗ ನೋಟುಪುಸ್ತಕವನ್ನು ಇದ್ದಲ್ಲೇ ಇಟ್ಟರು.

ಸೋಮವಾರ ಅವರು ಮಗಳನ್ನು ಕರೆದುಕೊಂಡೇ ಕೇಂದ್ರಕ್ಕೆ ಹೋದರು. "ಸಾಮಾನ್ಯ ಜನ ಬೇಕಂದ್ರಲ್ಲ, ತಗೊಳ್ಳಿ," ಎಂದು ಸಂಶೋಧಕಿಗೆ ಒಪ್ಪಿಸಿದರು. ಮುಖ್ಯಸ್ಥರು ಬಾಗಿಲಲ್ಲಿ ನಿಂತು ಕಣ್ಸನ್ನೆ ಮಾಡಿದ್ದನ್ನು ನೋಡಿಯೂ ನೋಡಲಿಲ್ಲ.

ಮಗಳು ಉರುಳೆಗಳ ಮೇಲಿದ್ದ ಪರೀಕ್ಷೆಯ ಕಾರಿನಲ್ಲಿ ಕೂತಳು. ಗೆರೆಯ ಮೇಲೊಮ್ಮೆ ಕೆಳಗೊಮ್ಮೆ ಹೋದಳು, ಎರಡು ಕಡೆ ನಾಲಿಗೆ ಕಚ್ಚಿಕೊಂಡಳು. ಸಂಖ್ಯೆ ಬಂತು: ಇನ್ನೂರ ಎಪ್ಪತ್ತೊಂದು. ಎಸಿ ಹಾಕಿ ಮತ್ತೆ ಓಡಿಸಿದಳು: ಇನ್ನೂರ ನಲವತ್ತು. ಬೆಣ್ಣೆಗಾಲು ಕಾಗದ ಕೇಳಿ ಪಡೆದು, ಎದ್ದೇ ನಿಂತು ಸಹಿ ಹಾಕಿದರು.

"ಇನ್ಮೇಲೆ ನಿಮಗೇನು ಕೆಲಸ ಕೊಡೋದು?" ಎಂದರು ಮುಖ್ಯಸ್ಥರು.

ಮಗಳು ಕಾರಿನಿಂದಿಳಿದು ಪರದೆಯನ್ನೇ ನೋಡುತ್ತಿದ್ದಳು. "ಹಾಗಾದ್ರೆ ನಾನು ಸರಿಯಾಗೇ ಓಡಿಸ್ತಿದ್ನಾ?"

"ಸರಿಯಾಗೇ. ಮೊದಲ ದಿನದಿಂದ."

ಅವಳು ಸಂತೋಷಪಡುತ್ತಾಳೆ ಎಂದುಕೊಂಡಿದ್ದರು. ಅವಳು ಅಂಗಳಕ್ಕೆ ಹೋಗಿ ತನ್ನ ಕಾರಿನಲ್ಲಿ ಕೂತಳು, ಗಾಜು ಏರಿಸಿ ಎಸಿ ಹಾಕಿದಳು. ಎಲ್ಲಿಗೂ ಹೊರಡಲಿಲ್ಲ. ಸ್ಟಿಯರಿಂಗಿಗೆ ಹಣೆ ಹಚ್ಚಿದ್ದಳು. ಹಿಂದೆಯೇ ಬಂದ ಅವರು ಬಿಸಿಲಿನಲ್ಲಿ ನಿಂತು ಗಾಜು ತಟ್ಟಿದರು.

ಗಾಜು ನಾಲ್ಕು ಬೆರಳಷ್ಟು ಇಳಿಯಿತು. "ಆರು ತಿಂಗಳು ನನ್ನ ಕಾಲನ್ನೇ ಬೈಕೊಂಡೆ ಅಪ್ಪಾ."

"ತಪ್ಪಾಯ್ತಮ್ಮಾ," ಎಂದರು ಅವರು.

ಗಾಜು ಮತ್ತೆ ಏರಿತು. ಅವರು ಅಲ್ಲೇ ನಿಂತರು.